ಕೈ ನೋಡದ ಪರೀಕ್ಷೆ

ಎಂ.ಎಸ್. ಜನರಲ್ ಸರ್ಜರಿಯ ಕೊನೆಯ ಪ್ರಾಯೋಗಿಕ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದು ಆಸ್ಪತ್ರೆಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮೂರು ವರ್ಷ ಓದಿದ ಪಿ.ಜಿ. ವಿದ್ಯಾರ್ಥಿಗೆ ಅಂದು ಒಬ್ಬ ರೋಗಿಯನ್ನು ವಹಿಸುತ್ತಾರೆ. ರೋಗಿಯ ಕತ್ತಿನಲ್ಲಿ ಥೈರಾಯ್ಡ್ ಗಂಟಿರಬಹುದು, ಕಾಮಾಲೆಯಿಂದ ಕಣ್ಣು ಹಳದಿಯಾಗಿರಬಹುದು. ರೋಗದ ಕಥೆ ಕೇಳಿ, ಮೈ ಮುಟ್ಟಿ ನೋಡಿ, ಇದು ಇಂಥ ಕಾಯಿಲೆ, ಇದಕ್ಕೆ ಇಂಥ ಚಿಕಿತ್ಸೆ ಎಂದು ಪರೀಕ್ಷಕರ ಮುಂದೆ ಒಪ್ಪಿಸಬೇಕು. ಇದು ಲಾಂಗ್ ಕೇಸ್. ಆಮೇಲೆ ಹರ್ನಿಯಾ, ಉಬ್ಬಿದ ಕಾಲುನರ ಮುಂತಾದ ಶಾರ್ಟ್ ಕೇಸುಗಳು. ಅದಾದ ಮೇಲೆ ಟೇಬಲ್ ವೈವಾ: ಒಂದು ಮೇಜಿನ ಮೇಲೆ ಫಾರ್ಮಲಿನ್ ಜಾಡಿಯಲ್ಲಿಟ್ಟ ಅಂಗಗಳು, ಇನ್ನೊಂದರ ಮೇಲೆ ಎಕ್ಸ್‌ರೇ, ಸಿ.ಟಿ. ಫಿಲ್ಮುಗಳು, ಮತ್ತೊಂದರ ಮೇಲೆ ಕತ್ತರಿ, ಇಕ್ಕಳಗಳು. ಇಕ್ಕಳವೊಂದನ್ನು ಎತ್ತಿ ಹಿಡಿದು ಹೆಸರು ಕೇಳುತ್ತಾರೆ. ಎಲ್ಲಿ ಬಳಸುತ್ತೀರಿ ಎನ್ನುತ್ತಾರೆ. ಈ ಆಪರೇಷನ್ನಿನ ಹಂತಗಳನ್ನು ಹೇಳಿ ಎನ್ನುತ್ತಾರೆ. ಹೇಳಿದರೆ ಪಾಸು.

ಇಷ್ಟೆಲ್ಲದರ ನಡುವೆ ಆ ವಿದ್ಯಾರ್ಥಿ ಆಪರೇಷನ್ ಮಾಡುವುದನ್ನು ಪರೀಕ್ಷಕರು ಒಮ್ಮೆಯೂ ನೋಡುವುದಿಲ್ಲ. ಆರ್‌ಟಿಓ ಮೈದಾನದಲ್ಲಿ ಬೈಕಿನ ಲೈಸೆನ್ಸಿಗೆ ಬಂದವರಿಗೂ ಎಂಟು ಹಾಕಿ ತೋರಿಸಿ ಎನ್ನುತ್ತಾರೆ. ಮನುಷ್ಯನ ಹೊಟ್ಟೆ ಕೊಯ್ಯುವ ಅರ್ಹತೆಗೆ ಬಾಯಿಮಾತು ಸಾಕಾಗುತ್ತದೆ.

ಇದನ್ನು ಕೇಳಿ ಗಾಬರಿಯಾಗುವ ಮೊದಲು ಪರೀಕ್ಷೆಯ ಪರವಾಗಿಯೂ ಎರಡು ಮಾತು ಹೇಳಬೇಕು. ಕಾಯಿಲೆಯನ್ನು ಸರಿಯಾಗಿ ಗುರುತಿಸುವುದು, ಆಪರೇಷನ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸರ್ಜನ್ನರ ಕೆಲಸದ ಅರ್ಧಭಾಗ. ಲಾಂಗ್ ಕೇಸ್ ಅದನ್ನು ಚೆನ್ನಾಗಿಯೇ ಅಳೆಯುತ್ತದೆ. ಇನ್ನೊಂದು, ಪರೀಕ್ಷೆಯ ಒತ್ತಡದಲ್ಲಿ ಕೈ ನಡುಗುತ್ತಿರುವ ವಿದ್ಯಾರ್ಥಿಯ ಕೈಗೆ ಚಾಕು ಕೊಟ್ಟು, ರೋಗಿಯನ್ನು ಪ್ರಶ್ನೆಪತ್ರಿಕೆಯ ಹಾಗೆ ಮುಂದಿಡುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ ತರಬೇತಿಯ ಕೊನೆಗೆ ಬರುವ ಎಫ್‌ಆರ್‌ಸಿಎಸ್ ಪರೀಕ್ಷೆಯಲ್ಲೂ ಯಾರೂ ಆಪರೇಷನ್ ಮಾಡಿ ತೋರಿಸುವುದಿಲ್ಲ. ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಪರೀಕ್ಷಾ ಕೊಠಡಿಯ ಹೊರಗಿದೆ. ಪರೀಕ್ಷೆಯ ದಿನ ಕೈ ನೋಡದಿದ್ದರೆ ತಪ್ಪಿಲ್ಲ. ಆದರೆ ಉಳಿದ ಮೂರು ವರ್ಷ ಆ ಕೈಯನ್ನು ನೋಡಿದವರ ಮಾತಿಗೆ ಬೆಲೆ ಇರಬೇಕು. ನಮ್ಮಲ್ಲಿ ಆ ಬೆಲೆ ತೀರಾ ಕಡಿಮೆ.

ನಮ್ಮಲ್ಲಿ ಕೈಯ ಲೆಕ್ಕ ಎಂದು ಉಳಿಯುವುದು ಲಾಗ್‌ಬುಕ್ಕು ಮಾತ್ರ. ವಿದ್ಯಾರ್ಥಿ ತಾನು ಭಾಗವಹಿಸಿದ ಪ್ರತಿ ಆಪರೇಷನ್ನನ್ನೂ ಅದರಲ್ಲಿ ಬರೆದು, ಪಕ್ಕದಲ್ಲಿ ತನ್ನ ಪಾತ್ರವೇನೆಂದು ನಮೂದಿಸಬೇಕು: ಬರೀ ನೋಡಿದ್ದು, ಅಸಿಸ್ಟ್ ಮಾಡಿದ್ದು, ಹಿರಿಯರು ಎದುರಿಗಿದ್ದಾಗ ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು. ವಿಂಗಡಣೆ ಚೆನ್ನಾಗಿಯೇ ಇದೆ. ಆದರೆ ಲಾಗ್‌ಬುಕ್ಕು ತುಂಬುವ ಬಗೆಯನ್ನು ಯಾವ ಪಿ.ಜಿ.ಯನ್ನು ಕೇಳಿದರೂ ನಗುತ್ತಾ ಹೇಳುತ್ತಾರೆ. ಎಷ್ಟೋ ಕಡೆ ಪರೀಕ್ಷೆ ಹತ್ತಿರ ಬಂದಾಗ ಓ.ಟಿ. ರಿಜಿಸ್ಟರ್ ಎದುರಿಗಿಟ್ಟುಕೊಂಡು ಒಂದೇ ಸಲಕ್ಕೆ ಕೂತು ಬರೆದು, ಯೂನಿಟ್ ಚೀಫ್ ಹತ್ತಿರ ಸಾಲಾಗಿ ಸಹಿ ಹಾಕಿಸಿಕೊಳ್ಳುವುದು ರೂಢಿ.

ಪ್ರಾಮಾಣಿಕವಾಗಿ ಬರೆದರೂ ಸಂಖ್ಯೆ ಎಷ್ಟು ಹೇಳುತ್ತದೆ? ಅದು ಏನೂ ಹೇಳುವುದಿಲ್ಲ ಎನ್ನುವಂತಿಲ್ಲ. ಪಿತ್ತಕೋಶ ತೆಗೆಯುವ ಲ್ಯಾಪರೋಸ್ಕೋಪಿ (ಕೀಹೋಲ್) ಆಪರೇಷನ್ನನ್ನೇ ತೆಗೆದುಕೊಳ್ಳೋಣ. ಗಾಲ್ ಬ್ಲಾಡರಿನಲ್ಲಿ ಕಲ್ಲು ಎಂದು ನಮ್ಮ ನೆಂಟರಿಷ್ಟರಲ್ಲಿ ಒಬ್ಬರಾದರೂ ಮಾಡಿಸಿಕೊಂಡಿರುತ್ತಾರೆ. ಮುಂಬೈನಲ್ಲಿ ತೆಹಮ್ಟನ್ ಉದ್ವಾಡಿಯಾ 1990ರಲ್ಲಿ ಇದನ್ನು ಭಾರತದಲ್ಲಿ ಮೊದಲು ಮಾಡಿದರು. ಇಂದು ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮುಗಳಲ್ಲೂ ಆಗುತ್ತದೆ. ಸಾಮಾನ್ಯವಾದ ಆಪರೇಷನ್ ಹೌದು, ಸುಲಭದ್ದಲ್ಲ. ಯಕೃತ್ತಿನಿಂದ ಪಿತ್ತರಸವನ್ನು ಕರುಳಿಗೆ ಒಯ್ಯುವ ಒಂದು ಮುಖ್ಯನಾಳವಿದೆ. ಪಿತ್ತಕೋಶ ಎಂಬ ಚೀಲ ಸಣ್ಣದೊಂದು ನಾಳದ ಮೂಲಕ ಪಕ್ಕದಿಂದ ಅದಕ್ಕೆ ಸೇರುತ್ತದೆ. ಸರ್ಜನ್ ಕತ್ತರಿಸಬೇಕಾದದ್ದು ಆ ಸಣ್ಣ ನಾಳವನ್ನು ಮತ್ತು ಚೀಲಕ್ಕೆ ಬರುವ ರಕ್ತನಾಳವನ್ನು. ಉರಿಯೂತದಿಂದ ಎಲ್ಲ ಅಂಟಿಕೊಂಡಾಗ ಮುಖ್ಯನಾಳವೇ ಮೇಲಕ್ಕೆ ಎಳೆದುಕೊಂಡು ಬಂದು ಸಣ್ಣ ನಾಳದ ಹಾಗೆ ಕಾಣಿಸುತ್ತದೆ. ಅದನ್ನು ಕತ್ತರಿಸಿದರೆ ಒಂದು ದಿನದಲ್ಲಿ ಮನೆಗೆ ಹೋಗಬೇಕಾಗಿದ್ದವರಿಗೆ ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಂದು ದೊಡ್ಡ ಆಪರೇಷನ್, ಕೆಲವರಿಗೆ ವರ್ಷಗಟ್ಟಲೆ ನರಳಾಟ.

ಅಮೆರಿಕದ ಸದರ್ನ್ ಸರ್ಜನ್ಸ್ ಕ್ಲಬ್ಬಿನವರು 1995ರಲ್ಲಿ ಇದರದ್ದೇ ಲೆಕ್ಕ ತೆಗೆದರು. 55 ಸರ್ಜನ್ನರು, 8,839 ಆಪರೇಷನ್, ಅದರಲ್ಲಿ 15 ಸಲ ಪಿತ್ತನಾಳಕ್ಕೆ ಪೆಟ್ಟು. ಆ ಪೆಟ್ಟುಗಳಲ್ಲಿ ಶೇ. 90ರಷ್ಟು ಆದದ್ದು ಆಯಾ ಸರ್ಜನ್ನರ ಮೊದಲ 30 ಆಪರೇಷನ್ನುಗಳ ಒಳಗೆ. ಅವರ ಗಣಿತದ ಪ್ರಕಾರ ಮೊದಲ ಆಪರೇಷನ್ನಿನಲ್ಲಿ ಪೆಟ್ಟಾಗುವ ಸಂಭವ ಶೇ. 1.7, ಐವತ್ತನೆಯದರಲ್ಲಿ ಶೇ. 0.17. ಇವರು ಹೊಸಬರಲ್ಲ. ಹೊಟ್ಟೆ ತೆರೆದು ಇದೇ ಆಪರೇಷನ್ ಮಾಡಿ ಪಳಗಿದ್ದವರು ಹೊಸ ವಿಧಾನ ಕಲಿಯುತ್ತಿದ್ದರು. ಮೊದಲ ಮೂವತ್ತನ್ನು ಅನುಭವಿಯೊಬ್ಬರು ಪಕ್ಕದಲ್ಲಿ ನಿಂತಿದ್ದಾಗಲೇ ಮಾಡಿ ಮುಗಿಸಬೇಕು ಎಂಬುದು ಇದರಿಂದ ಯಾರಿಗೂ ಹೊಳೆಯುವ ಪಾಠ. ತರಬೇತಿ ಎಂದರೆ ಮೂಲತಃ ಅಷ್ಟೇ. ಅಮೆರಿಕದಲ್ಲಿ ಐದು ವರ್ಷದ ಸರ್ಜರಿ ತರಬೇತಿ ಮುಗಿಸುವವರು ಕನಿಷ್ಠ 850 ಆಪರೇಷನ್ ಮಾಡಿರಲೇಬೇಕು, ಅದರಲ್ಲಿ 200 ಕೊನೆಯ ವರ್ಷದಲ್ಲಿ ಎಂಬ ನಿಯಮದ ಹಿಂದೆಯೂ ಇದೇ ತರ್ಕವಿದೆ.

ಆದರೆ ಸಂಖ್ಯೆ ಇಲ್ಲಿಗೆ ನಿಲ್ಲುತ್ತದೆ. ಇಬ್ಬರು ವಿದ್ಯಾರ್ಥಿಗಳು ತಲಾ ನಲವತ್ತು ಪಿತ್ತಕೋಶ ತೆಗೆದಿದ್ದಾರೆ ಎಂದುಕೊಳ್ಳಿ. ಒಬ್ಬರು ಅಂಟಿಕೊಂಡ ಅಂಗಾಂಶವನ್ನು ನಿಧಾನವಾಗಿ ಬಿಡಿಸಿ, ಚೀಲಕ್ಕೆ ಸೇರುವ ಎರಡೇ ಎರಡು ರಚನೆಗಳು ಸ್ಪಷ್ಟವಾಗಿ ಕಾಣುವ ತನಕ ಕ್ಲಿಪ್ ಹಾಕುವುದಿಲ್ಲ. ಹೀಗೆ ಖಚಿತಪಡಿಸಿಕೊಳ್ಳುವ ಕ್ರಮವನ್ನು ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ, ಜಗತ್ತಿನೆಲ್ಲೆಡೆ ಕಲಿಸುತ್ತಾರೆ. ಇನ್ನೊಬ್ಬರ ನಲವತ್ತರಲ್ಲಿ ಕಷ್ಟದ ಘಟ್ಟ ಬಂದಾಗಲೆಲ್ಲ ಪ್ರೊಫೆಸರು ಉಪಕರಣ ಇಸಿದುಕೊಂಡು ಬಿಡಿಸಿ ಕೊಟ್ಟಿದ್ದಾರೆ. ಲಾಗ್‌ಬುಕ್ಕಿನಲ್ಲಿ ಇಬ್ಬರದೂ ನಲವತ್ತೇ.

ಹಾಗಾದರೆ ಕೈಯನ್ನು ನೋಡಿ ಅಂಕ ಕೊಡಲು ಬರುತ್ತದೆಯೇ? ಬರುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರೆಜ್ನಿಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು. ಅಂಗಾಂಶವನ್ನು ಎಷ್ಟು ಮೃದುವಾಗಿ ಹಿಡಿಯುತ್ತಾರೆ, ಕೈಯ ಓಡಾಟದಲ್ಲಿ ಎಷ್ಟು ವ್ಯರ್ಥ, ಉಪಕರಣ ಹಿಡಿಯುವ ರೀತಿ, ಸಹಾಯಕರನ್ನು ಬಳಸಿಕೊಳ್ಳುವ ಬಗೆ, ಮುಂದಿನ ಹೆಜ್ಜೆ ಮೊದಲೇ ಗೊತ್ತಿದೆಯೇ, ಹೀಗೆ ಏಳು ಅಂಶಗಳಿಗೆ ಒಂದರಿಂದ ಐದರವರೆಗೆ ಅಂಕ. ಬೇರೆ ಬೇರೆ ಪರೀಕ್ಷಕರು ಕೊಟ್ಟ ಅಂಕಗಳು ಸಾಕಷ್ಟು ಹೊಂದಿಕೊಂಡವು.

ಅಂಕವೇನೋ ಸಿಕ್ಕಿತು, ರೋಗಿಗೆ ಅದರಿಂದೇನು ಎಂದು ಕೇಳುವವರಿಗೆ ಉತ್ತರ 2013ರಲ್ಲಿ ಬಂತು. ಮಿಷಿಗನ್ ರಾಜ್ಯದ 20 ಸರ್ಜನ್ನರು ಬೊಜ್ಜಿಗೆ ಮಾಡುವ ಗ್ಯಾಸ್ಟ್ರಿಕ್ ಬೈಪಾಸಿನ ತಲಾ ಒಂದು ವಿಡಿಯೊ ಕೊಟ್ಟರು. ಹೆಸರು ತಿಳಿಸದೆ ಅವನ್ನು ಇತರ ಸರ್ಜನ್ನರಿಗೆ ತೋರಿಸಿ ಅಂಕ ಕೇಳಲಾಯಿತು. ಐದಕ್ಕೆ 2.6ರಿಂದ 4.8ರ ತನಕ ಅಂಕ ಬಿದ್ದವು. ಎಲ್ಲರೂ ತರಬೇತಿ ಮುಗಿಸಿ ವರ್ಷಗಟ್ಟಲೆ ಕೆಲಸ ಮಾಡುತ್ತಿದ್ದವರೇ ಎಂಬುದನ್ನು ಮರೆಯಬೇಡಿ. ಆಮೇಲೆ ಅವರವರ ರೋಗಿಗಳ ದಾಖಲೆ ನೋಡಿದರೆ, ಅತಿ ಕಡಿಮೆ ಅಂಕದ ಕಾಲುಭಾಗದವರ ರೋಗಿಗಳಲ್ಲಿ ಶೇ. 14.5 ಮಂದಿಗೆ ತೊಡಕುಗಳಾಗಿದ್ದವು. ಅತಿ ಹೆಚ್ಚು ಅಂಕದವರ ರೋಗಿಗಳಲ್ಲಿ ಶೇ. 5.2 ಮಂದಿಗೆ. ಸಾವಿನ ಪ್ರಮಾಣ ಶೇ. 0.26 ಮತ್ತು ಶೇ. 0.05. ಒಂದೇ ಒಂದು ವಿಡಿಯೊ ನೋಡಿ ಸಹೋದ್ಯೋಗಿಗಳು ಹೇಳಿದ ಮಾತು ಇಷ್ಟರಮಟ್ಟಿಗೆ ನಿಜವಾಯಿತು. ಅನುಭವಿ ಕಣ್ಣು ಸುಳ್ಳು ಹೇಳುವುದು ಕಡಿಮೆ. ಆ ಕಣ್ಣು ಕಂಡದ್ದನ್ನು ಬರೆಸಿಕೊಳ್ಳುವ ವ್ಯವಸ್ಥೆ ಮಾತ್ರ ಬೇಕು.

ರೋಗಿಯ ಮೇಲೆ ಕೈ ಇಡುವ ಮೊದಲು ಬೇರೆ ಕಡೆ ಕೈ ಪಳಗಿಸಬೇಕು ಎಂಬುದು ನಮಗೆ ಹೊಸದೇನಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಸೌತೆಗಳ ಮೇಲೆ ಕಲಿಸಬೇಕು ಎನ್ನುತ್ತದೆ ಅದು. ಈಗ ಆ ಜಾಗದಲ್ಲಿ ಕ್ಯಾಮೆರಾ ಇಟ್ಟ ಪೆಟ್ಟಿಗೆಗಳು, ಸಿಮ್ಯುಲೇಟರುಗಳು ಬಂದಿವೆ. ಇವು ಒಳ್ಳೆಯವು, ಇರಲೇಬೇಕು. ಆದರೆ ಪೆಟ್ಟಿಗೆಯಲ್ಲಿ ರಕ್ತ ಚಿಮ್ಮುವುದಿಲ್ಲ.

ಕೈಯೂ ಪೂರ್ತಿ ಕಥೆಯಲ್ಲ. ಸರ್ಜನ್ನರನ್ನು ಸರ್ಜನ್ನರು ಅಳೆಯುವಾಗ ಕೊನೆಗೆ ಬರುವುದು ಎಲ್ಲಿ ನಿಲ್ಲಿಸಬೇಕೆಂದು ಗೊತ್ತೇ ಎಂಬಲ್ಲಿಗೆ. ಪಿತ್ತಕೋಶ ಗಟ್ಟಿಯಾಗಿ ಅಂಟಿಕೊಂಡಿದೆ, ನಾಳ ಕಾಣುತ್ತಿಲ್ಲ. ಆಗ ದಾರಿಗಳಿವೆ: ಹೊಟ್ಟೆ ತೆರೆದು ಮಾಡುವುದು, ಅಪಾಯದ ಜಾಗ ಬಿಟ್ಟು ಚೀಲದ ಒಂದು ಭಾಗ ಮಾತ್ರ ತೆಗೆಯುವುದು, ಕೊಳವೆ ಇಟ್ಟು ಹೊರಬಂದು ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದು, ಹಿರಿಯರಿಗೆ ಫೋನ್ ಮಾಡುವುದು. ಇವೆಲ್ಲ ಆ ಹೊತ್ತಿಗೆ ಸೋಲಿನ ಹಾಗೆ ಕಾಣುತ್ತವೆ. ಹೊಸ ಸರ್ಜನ್, ಹೊರಗೆ ಕಾಯುತ್ತಿರುವ ಸಂಬಂಧಿಕರು, ಕೀಹೋಲ್ ಎಂದು ಹೇಳಿ ಒಪ್ಪಿಸಿದ ಪ್ಯಾಕೇಜು. ಈ ಒತ್ತಡದಲ್ಲೂ ನಿಲ್ಲಿಸಬಲ್ಲವರು ಯಾರು ಎಂಬುದು ವೈವಾದಲ್ಲಿ ತಿಳಿಯುವುದಿಲ್ಲ. ಅಲ್ಲಿ ಎಲ್ಲರೂ ‘ಓಪನ್‌ಗೆ ಕನ್ವರ್ಟ್ ಮಾಡುತ್ತೇನೆ ಸರ್’ ಎಂದೇ ಹೇಳುತ್ತಾರೆ. ರಾತ್ರಿ ಎಮರ್ಜೆನ್ಸಿ ಡ್ಯೂಟಿಯಲ್ಲಿ ಜೊತೆಗಿದ್ದ ಅಸಿಸ್ಟೆಂಟ್ ಪ್ರೊಫೆಸರಿಗೆ, ಅರಿವಳಿಕೆ ವೈದ್ಯರಿಗೆ, ಓ.ಟಿ. ಸಿಸ್ಟರಿಗೆ ಮಾತ್ರ ಅದು ಗೊತ್ತು.

ನೆದರ್‌ಲ್ಯಾಂಡ್ಸಿನ ವೈದ್ಯಶಿಕ್ಷಣ ತಜ್ಞ ಓಲೆ ಟೆನ್ ಕೇಟ್ 2005ರಲ್ಲಿ ಪ್ರಶ್ನೆಯನ್ನೇ ತಿರುಗಿಸಿ ಇಟ್ಟರು. ಈ ವಿದ್ಯಾರ್ಥಿಗೆ ನೂರಕ್ಕೆ ಎಷ್ಟು ಎಂದು ಕೇಳುವ ಬದಲು, ಈ ಕೆಲಸವನ್ನು ಇವರಿಗೆ ಒಪ್ಪಿಸಿ ನೀವು ಎಷ್ಟು ದೂರ ಹೋಗಬಲ್ಲಿರಿ ಎಂದು ಗುರುವನ್ನು ಕೇಳಿ. ಪಕ್ಕದಲ್ಲೇ ನಿಲ್ಲಬೇಕೇ? ಪಕ್ಕದ ಕೋಣೆಯಲ್ಲಿದ್ದರೆ ಸಾಕೇ? ಮನೆಗೆ ಹೋಗಿ ನಿದ್ದೆ ಮಾಡುತ್ತೀರಾ? ಈ ಪ್ರಶ್ನೆಗೆ ಸರ್ಜನ್ನರು ತಡವರಿಸದೆ ಉತ್ತರ ಕೊಡುತ್ತಾರೆ, ಏಕೆಂದರೆ ಪ್ರತಿ ಡ್ಯೂಟಿಯಲ್ಲೂ ಅವರು ಮನಸ್ಸಿನಲ್ಲಿ ಮಾಡುತ್ತಲೇ ಇರುವ ತೀರ್ಮಾನ ಇದು. ಉತ್ತರವೂ ಕೆಲಸದಿಂದ ಕೆಲಸಕ್ಕೆ ಬೇರೆಯಾಗುತ್ತದೆ. ಅಪೆಂಡಿಕ್ಸನ್ನು ಒಬ್ಬರೇ ಮಾಡಲಿ, ಕರುಳು ಕ್ಯಾನ್ಸರಿಗೆ ಇನ್ನೂ ನಾನಿರಬೇಕು ಎನ್ನುವುದು ಒಬ್ಬರ ಬಗ್ಗೆಯೇ ಬರಬಹುದಾದ ಮಾತು. ಪಾಸು ಫೇಲು ಎಂಬ ಎರಡೇ ಡಬ್ಬಿಗಳಲ್ಲಿ ಇದು ಹಿಡಿಸುವುದಿಲ್ಲ.

ಅಮೆರಿಕದ ಸರ್ಜರಿ ಮಂಡಳಿ 2023ರ ಜುಲೈನಿಂದ ಇಂಥ 18 ಕೆಲಸಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರಲ್ಲೂ ಹೊಸ ವಿದ್ಯಾರ್ಥಿಗಳ ಬಗ್ಗೆ ಗುರುಗಳಿಂದ ಮತ್ತೆ ಮತ್ತೆ ಅಭಿಪ್ರಾಯ ಪಡೆಯಲು ಶುರುಮಾಡಿತು. ಬ್ರಿಟನ್ನಿನಲ್ಲಿ 2021ರ ಪಠ್ಯಕ್ರಮ ಐದು ದೊಡ್ಡ ಕೆಲಸಗಳನ್ನು ಹಿಡಿದಿದೆ: ಹೊರರೋಗಿ ವಿಭಾಗ ನಡೆಸುವುದು, ತುರ್ತಾಗಿ ಬಂದವರನ್ನು ನೋಡಿಕೊಳ್ಳುವುದು, ವಾರ್ಡ್ ರೌಂಡ್, ಆಪರೇಷನ್ ಪಟ್ಟಿ ನಿಭಾಯಿಸುವುದು, ಬೇರೆ ವಿಭಾಗದವರ ಜೊತೆ ಕೂತು ತೀರ್ಮಾನ ಮಾಡುವುದು. ಐದರಲ್ಲಿ ಚಾಕು ಹಿಡಿಯುವುದು ಮುಖ್ಯವಾಗಿ ಒಂದರಲ್ಲಿ ಎಂಬುದನ್ನು ಗಮನಿಸಿ. ವಿದ್ಯಾರ್ಥಿಯ ಜೊತೆ ಕೆಲಸ ಮಾಡಿದ ಹಲವು ಕನ್ಸಲ್ಟೆಂಟರು ಒಟ್ಟಿಗೆ ಕೂತು ವರದಿ ಬರೆಯುತ್ತಾರೆ. ಕನ್ಸಲ್ಟೆಂಟಾಗಿ ಮೊದಲ ದಿನ ಕೆಲಸಕ್ಕೆ ಬಂದವರ ಮಟ್ಟಕ್ಕೆ ಏರಿದ್ದಾರೆಯೇ ಎಂಬುದೇ ಅಲ್ಲಿನ ಗೆರೆ.

ಈ ಕ್ರಮಕ್ಕೂ ಹುಳುಕಿದೆ. ಗುರುವಿಗೆ ಶಿಷ್ಯನನ್ನು ಫೇಲು ಮಾಡಲು ಮನಸ್ಸು ಬರುವುದಿಲ್ಲ. ಮೂರು ವರ್ಷ ರಾತ್ರಿ ಹಗಲು ದುಡಿದ ಹುಡುಗಿಯ ಮುಖ ನೋಡಿ ‘ನಿನಗೆ ಇನ್ನೂ ಆರು ತಿಂಗಳು ಬೇಕು’ ಎನ್ನುವುದಕ್ಕಿಂತ ನಾಲ್ಕಕ್ಕೆ ನಾಲ್ಕು ಹಾಕುವುದು ಸುಲಭ. ಮುಖಸ್ತುತಿಗೆ ಅಂಕ ಬೀಳಬಹುದು, ಜಾತಿಗೆ, ಊರಿಗೆ, ಮಾತಾಡುವ ಇಂಗ್ಲಿಷಿಗೆ ಬೀಳಬಹುದು. ಫಾರಂ ತುಂಬುವುದೇ ಕೆಲಸವಾಗಿ ನೋಡುವುದು ಮರೆತುಹೋಗಬಹುದು, ಈ ದೂರು ಬ್ರಿಟನ್ನಿನಲ್ಲಿ ಹಳೆಯದು. ಅದಕ್ಕೇ ಒಬ್ಬರ ಒಂದು ದೊಡ್ಡ ತೀರ್ಪಿನ ಬದಲು ಹಲವರ ನೂರು ಸಣ್ಣ ತೀರ್ಪುಗಳು ಬೇಕು, ಅವೂ ಆಪರೇಷನ್ ಮುಗಿದ ಕೂಡಲೇ ಬರೆದವಾಗಿರಬೇಕು. ಅಮೆರಿಕದ 14 ತರಬೇತಿ ಕೇಂದ್ರಗಳಲ್ಲಿ ಗುರುಗಳು ಮೊಬೈಲಿನಲ್ಲಿ ಆಗಿಂದಾಗ್ಗೆ ದಾಖಲಿಸಿದ ಇಂಥ ಅಭಿಪ್ರಾಯಗಳನ್ನು ಕೂಡಿಸಿ 2017ರಲ್ಲಿ ಪ್ರಕಟಿಸಿದಾಗ ಹೊರಬಿದ್ದದ್ದು ಕಹಿಯಾಗಿತ್ತು: ತರಬೇತಿ ಮುಗಿಸುವ ಹೊತ್ತಿಗೆ ಮೂಲಭೂತ ಆಪರೇಷನ್ನುಗಳಿಗೂ ಎಲ್ಲರೂ ಸಿದ್ಧರಿರಲಿಲ್ಲ. ಐದು ವರ್ಷ, ನೂರಾರು ಆಪರೇಷನ್ ಆದ ಮೇಲಿನ ಮಾತಿದು. ಅಲ್ಲಿ ನೋಡಿದರು, ಆದ್ದರಿಂದ ಗೊತ್ತಾಯಿತು. ನಮ್ಮಲ್ಲಿ ಇಂಥ ಲೆಕ್ಕ ಇಡದಿರುವುದರಿಂದ ನಮ್ಮ ಪದವೀಧರರೆಲ್ಲ ಸಿದ್ಧರೆಂದು ನೆಮ್ಮದಿಯಾಗಿದ್ದೇವೆ.

ಹಾಗೆಂದು ನಮ್ಮಲ್ಲಿ ನಿಯಮಗಳಿಲ್ಲ ಎಂದಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಸ್ನಾತಕೋತ್ತರ ಪಠ್ಯಕ್ರಮ ಸಾಮರ್ಥ್ಯವನ್ನೇ ಆಧಾರವಾಗಿಟ್ಟುಕೊಂಡದ್ದು. ಏನೇನು ಕಲಿತಿರಬೇಕು ಎಂಬ ಉದ್ದನೆಯ ಪಟ್ಟಿ ಅದರಲ್ಲಿದೆ, ಲಾಗ್‌ಬುಕ್ಕು, ಆಂತರಿಕ ಮೌಲ್ಯಮಾಪನ ಇವೆ. ಕೊನೆಗೆ ತೂಗುವುದು ಮಾತ್ರ ಥಿಯರಿ ಪತ್ರಿಕೆ ಮತ್ತು ಆ ಒಂದೆರಡು ದಿನದ ಪ್ರಾಯೋಗಿಕ. ಕಾಲೇಜು ಕಾಲೇಜಿಗೂ ಅಗಾಧ ಅಂತರವಿದೆ. ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಯಲ್ಲಿ ಪಿ.ಜಿ.ಗೆ ರಾತ್ರಿಯೆಲ್ಲ ಕೈ ಬಿಡುವಿರುವುದಿಲ್ಲ. ರೋಗಿಗಳೇ ಕಡಿಮೆಯಿರುವ ಕಾಲೇಜಿನಲ್ಲಿ, ಇಲ್ಲವೇ ದುಡ್ಡು ಕೊಟ್ಟು ಬಂದ ರೋಗಿ ದೊಡ್ಡ ಡಾಕ್ಟರೇ ಮಾಡಬೇಕೆಂದು ಕೇಳುವ ಕಡೆ, ಅದೇ ಮೂರು ವರ್ಷ ಕ್ಯಾಮೆರಾ ಹಿಡಿದು ನಿಲ್ಲುವುದರಲ್ಲೇ ಕಳೆಯಬಹುದು. ಇಬ್ಬರಿಗೂ ಸಿಗುವುದು ಒಂದೇ ಪದವಿ, ಒಂದೇ ನೋಂದಣಿ.

ಕೈಗೆಟುಕುವಷ್ಟು ದೂರದಲ್ಲೇ ಇರುವ ಸುಧಾರಣೆಗಳಿವೆ. 2021ರಲ್ಲಿ ಸೇರಿದವರಿಂದ ಹಿಡಿದು ಪಿ.ಜಿ. ವಿದ್ಯಾರ್ಥಿಗಳೆಲ್ಲ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮವಿದೆ. ಅಲ್ಲಿನ ಸರ್ಜನ್ನಿಗೆ ಈ ವಿದ್ಯಾರ್ಥಿಯ ಕಾಲೇಜಿನ ಹಂಗಿಲ್ಲ, ಥೀಸಿಸ್‌ನ ಹಂಗಿಲ್ಲ. ಅವರು ಕೊಡುವುದು ಈಗ ಹೆಚ್ಚಿನಂಶ ಹಾಜರಾತಿಯ ಪ್ರಮಾಣಪತ್ರ. ಅದರ ಬದಲು ಹರ್ನಿಯಾ, ಅಪೆಂಡಿಕ್ಸ್, ತೂತಾದ ಕರುಳು, ಇವುಗಳಲ್ಲಿ ಯಾವುದನ್ನು ಇವರಿಗೆ ಬಿಟ್ಟು ಮನೆಗೆ ಹೋದಿರಿ ಎಂದು ಬರೆಸಿಕೊಂಡು ಅದಕ್ಕೆ ಅಂತಿಮ ಫಲಿತಾಂಶದಲ್ಲಿ ತೂಕ ಕೊಟ್ಟರೆ ಅರ್ಧ ಕೆಲಸ ಆದಂತೆ. ಲ್ಯಾಪರೋಸ್ಕೋಪಿ ಆಪರೇಷನ್ನಿನಲ್ಲಿ ಕ್ಯಾಮೆರಾ ಹೇಗೂ ಒಳಗೇ ಇರುತ್ತದೆ. ರೋಗಿಯ ಒಪ್ಪಿಗೆ ಪಡೆದು ಮೂರು ನಾಲ್ಕು ವಿಡಿಯೊಗಳನ್ನು ಹೆಸರಿಲ್ಲದೆ ಬೇರೆ ಕಾಲೇಜಿನ ಸರ್ಜನ್ನರಿಗೆ ಕಳಿಸಿ ಅಂಕ ತರಿಸುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಸಂಸ್ಥೆಗೆ ಆಗದ ಮಾತೇನಲ್ಲ. ಉತ್ತರಪತ್ರಿಕೆಗಳನ್ನು ಹಾಗೇ ತಾನೇ ತಿದ್ದಿಸುವುದು.

ಇನ್ನು ಪಾಸಾದ ಮೇಲಿನ ಮೊದಲ ವರ್ಷ. ಕರ್ನಾಟಕದ 2012ರ ಕಡ್ಡಾಯ ಸೇವಾ ಕಾಯ್ದೆಯ ಹಿಂದಿದ್ದ ಉದ್ದೇಶ ಹಳ್ಳಿಗಾಡಿಗೆ ವೈದ್ಯರನ್ನು ಒದಗಿಸುವುದು. ಆಮೇಲೆ ಅದಕ್ಕೆ ತಿದ್ದುಪಡಿಗಳಾಗಿವೆ. ಕಾಯ್ದೆಯಿಂದಲೋ ಹೊಟ್ಟೆಪಾಡಿಗೋ, ಎಷ್ಟೋ ಹೊಸ ಸರ್ಜನ್ನರು ಮೊದಲು ಒಂಟಿಯಾಗಿ ನಿಲ್ಲುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿ ಇನ್ನೊಬ್ಬ ಸರ್ಜನ್ ಇರುವುದು ಅಪರೂಪ. ಬ್ರಿಟನ್ನಿನಲ್ಲಿ ಮೊದಲ ದಿನದ ಕನ್ಸಲ್ಟೆಂಟಿಗೆ ಪಕ್ಕದ ಕೋಣೆಯಲ್ಲಿ ಹಳೆಯ ಕನ್ಸಲ್ಟೆಂಟ್ ಇರುತ್ತಾರೆ. ಅಂದರೆ ತರಬೇತಿ ಕಡಿಮೆಯಾದವರನ್ನೇ ನಾವು ಆಸರೆ ಕಡಿಮೆಯಿರುವ ಜಾಗಕ್ಕೆ ಕಳಿಸುತ್ತಿದ್ದೇವೆ. ಆ ಹುಡುಗರ ತಪ್ಪು ಇದರಲ್ಲಿ ಏನೂ ಇಲ್ಲ. ಪ್ರತಿ ಜಿಲ್ಲೆಯಲ್ಲೂ ಹೊಸಬರು ಅಪರಾತ್ರಿಯಲ್ಲಿ ಫೋನ್ ಮಾಡಬಹುದಾದ ಒಬ್ಬ ಹಿರಿಯ ಸರ್ಜನ್ನನ್ನು ಆದೇಶ ಹೊರಡಿಸಿಯೇ ಗೊತ್ತುಮಾಡುವುದಕ್ಕೆ ದೊಡ್ಡ ಖರ್ಚಿಲ್ಲ.

ಕಾನೂನು ಅಸಾಧಾರಣ ಕೌಶಲ ಕೇಳುವುದಿಲ್ಲ. ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದ್ದು, ಆ ವೃತ್ತಿಯ ಸಾಮಾನ್ಯ ನಿಪುಣನೊಬ್ಬನಲ್ಲಿ ಇರುವಷ್ಟು ಕೌಶಲ ಇದ್ದರೆ ಸಾಕು ಎಂಬರ್ಥದ ಮಾತು. ರೋಗಿಯೂ ಅದಕ್ಕಿಂತ ಹೆಚ್ಚು ಕೇಳಬೇಕಿಲ್ಲ. ಆದರೆ ಅಷ್ಟನ್ನು ಕೇಳಬಹುದು. ಕೆಲವು ಆಸ್ಪತ್ರೆಗಳಲ್ಲಿ, ಮುಖ್ಯವಾಗಿ ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಇರುವಲ್ಲಿ, ಯಾವ ವೈದ್ಯರು ಯಾವ ಆಪರೇಷನ್ ಮಾಡಬಹುದು ಎಂದು ಗೊತ್ತುಮಾಡುವ ಕ್ರಮ ಇರಲೇಬೇಕು. ಬೇರೆ ಕಡೆ ನಮ್ಮ ಬಾಯೇ ಗತಿ. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳುವುದರಲ್ಲಿ ಅಗೌರವವೇನಿಲ್ಲ. ಡಾಕ್ಟ್ರೇ, ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಒಳಗೆ ಹೋದ ಮೇಲೆ ಕಷ್ಟ ಅನ್ನಿಸಿದರೆ ಏನು ಮಾಡ್ತೀರಿ, ಯಾರನ್ನು ಕರೀತೀರಿ? ಮೊದಲನೆಯದಕ್ಕೆ ಬರುವ ಸಂಖ್ಯೆ ದೊಡ್ಡದಿರಲಿ ಚಿಕ್ಕದಿರಲಿ, ಎರಡನೆಯದಕ್ಕೆ ಒಬ್ಬರ ಹೆಸರು ಹೇಳಿದರೆ ಧೈರ್ಯವಾಗಿ ಸಹಿ ಹಾಕಬಹುದು. ‘ಹಾಗೇನೂ ಆಗೋದಿಲ್ಲ ಬಿಡಿ’ ಎಂದರೆ ಇನ್ನೊಬ್ಬರನ್ನು ನೋಡುವುದು ಒಳ್ಳೆಯದು.